ಗಿಡ್ಡವಾಗುತ್ತ ಹೋದ ಕಾರ್ಡು

ಚನ್ನಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿದ ಮೊದಲ ವಾರ ನನಗೆ ಒಂದು ಕರೆಯನ್ನೂ ಕೊಡಲಿಲ್ಲ. ಕಾರ್ಡುಗಳನ್ನು, ಎಂದರೆ ಬೋರ್ಡಿನ ಹಗ್ಗದಂಥ ವೈರುಗಳನ್ನು, ನೋಡಿಕೊಳ್ಳಿ ಎಂದರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಈಗಿನವರಿಗೆ ಆ ಬೋರ್ಡು ಹೇಗಿತ್ತೆಂದು ಹೇಳಬೇಕು. ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ. ಅದರ ಮುಖದ ತುಂಬ ಸಾಲುಸಾಲು ತೂತುಗಳು, ಒಂದೊಂದು ತೂತಿಗೆ ಊರಿನ ಒಂದೊಂದು ಫೋನು. ಯಾರಾದರೂ ತಮ್ಮ ಫೋನಿನ ಹ್ಯಾಂಡಲ್ ತಿರುಗಿಸಿದರೆ ಅವರ ತೂತಿನ ಮೇಲಿನ ಪುಟ್ಟ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ನಾವು ಒಂದು ಕಾರ್ಡಿನ ಪ್ಲಗ್ಗನ್ನು ಅಲ್ಲಿಗೆ ಚುಚ್ಚಿ, ಯಾರು ಬೇಕೆಂದು ಕೇಳಿ, ಅದರ ಜೋಡಿ ಕಾರ್ಡನ್ನು ಬೇಕಾದವರ ತೂತಿಗೆ ಚುಚ್ಚಬೇಕು. ಅಡಿಕೆ ಮಂಡಿಯವರು ಶಿವಮೊಗ್ಗದ ಧಾರಣೆ ಕೇಳುವುದು, ಆಸ್ಪತ್ರೆಯವರು ದಾವಣಗೆರೆಯನ್ನು ವಿಚಾರಿಸುವುದು, ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಎಲ್ಲವೂ ಆ ಜೋಡಿ ಕಾರ್ಡುಗಳಲ್ಲೇ ಹರಿಯಬೇಕಿತ್ತು.

ನಾನು ಹಾಸ್ಟೆಲಿನಲ್ಲಿ ಬೆಳೆದವಳು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಊಟ, ಹಾಸಿಗೆ ಮಡಿಸಿದ ಮೂಲೆ ಸೊಟ್ಟಗಿದ್ದರೆ ಮತ್ತೆ ಬಿಚ್ಚಿ ಮಡಿಸುವುದು. ಹಾಗಾಗಿ ಎಕ್ಸ್‌ಚೇಂಜಿನ ಶಿಸ್ತು ನನಗೆ ಹೊಸದೆನಿಸಲಿಲ್ಲ. ಬೆಳಗಿನ ಪಾಳಿಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲು ಪ್ಲಗ್ಗುಗಳನ್ನು ಒರೆಸಬೇಕು. ಆಮೇಲೆ ಹೆಡ್‌ಫೋನ್ ತಲೆಗೆ ಹಾಕಿಕೊಂಡು, ಪ್ರತಿ ಕಾರ್ಡನ್ನೂ ಪ್ಲಗ್ಗಿನ ಬುಡದಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸುತ್ತ ಕಿವಿಗೊಡಬೇಕು. ಬಗ್ಗಿಸಿದಾಗ ಕರಕರ ಎಂದರೆ ಒಳಗೆ ಎಳೆ ಮುರಿದಿದೆ. ಅಂಥದ್ದಕ್ಕೆ ಕೆಂಪು ನೂಲು ಕಟ್ಟಿ ಬಿಡಬೇಕು. ಮೆಕ್ಯಾನಿಕ್ ಬಂದು ಸರಿ ಮಾಡುತ್ತಾನೆ.

ಆ ಮೆಕ್ಯಾನಿಕ್ ನನಗಿಂತ ಒಂದಷ್ಟು ವರ್ಷ ದೊಡ್ಡವರು. ಹಲ್ಲುಪುಡಿಯ ಹಳೇ ಡಬ್ಬದಲ್ಲಿ ಸಾಮಾನು ಇಟ್ಟುಕೊಂಡು ಬರುತ್ತಿದ್ದರು. ಮೊದಲ ದಿನವೇ ನಾನು ಕೆಂಪು ನೂಲು ಕಟ್ಟಿದ್ದ ಕಾರ್ಡುಗಳನ್ನು ನೋಡಿ, ನನ್ನನ್ನೂ ನೋಡಿದರು.

“ಅಮ್ಮಾರೆ, ಕೀಳಬೇಕಾದ್ರೆ ಪ್ಲಗ್ ಹಿಡಿದು ಕೀಳ್ರಿ. ನೀವು ಬಾಲ ಹಿಡಿದು ಎಳೀತೀರಿ. ಅದೇನು ಎಮ್ಮೆ ಏನ್ರಿ?”

“ಎಮ್ಮೆ ಆಗಿದ್ರೆ ಹಾಲಾದ್ರೂ ಕೊಡ್ತಿತ್ತು” ಎಂದೆ. ಪಕ್ಕದ ಬೋರ್ಡಿನಲ್ಲಿದ್ದ ನಮ್ಮ ಹಿರಿಯ ಆಪರೇಟರಮ್ಮ ಹೆಡ್‌ಫೋನಿನಲ್ಲೇ ನಕ್ಕುಬಿಟ್ಟರು. ಆ ಕಡೆ ಯಾವ ಮಂಡಿ ಸಾಹುಕಾರರು ಇದ್ದರೋ, ಏನಂದುಕೊಂಡರೋ.

ಕಾರ್ಡು ಕಟ್ಟುವುದನ್ನು ನಾನು ಆ ಮೆಕ್ಯಾನಿಕ್ ಅವರಿಂದಲೇ ಕಲಿತೆ. ಅದು ನನ್ನ ಕೆಲಸವಲ್ಲ, ಆದರೆ ಕೆಟ್ಟ ಕಾರ್ಡು ಎದುರಿಗಿಟ್ಟುಕೊಂಡು ಮೆಕ್ಯಾನಿಕ್ ಬರಲೆಂದು ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಲಿಲ್ಲ. ಹೊರಗೆ ಹತ್ತಿ ನೂಲಿನ ಹೆಣಿಗೆ. ಒಳಗೆ ಮಾಮೂಲಿ ತಂತಿ ಇರುವುದಿಲ್ಲ. ಸೀರೆಯ ಜರಿ ಎಳೆಯನ್ನು ಬಿಡಿಸಿ ನೋಡಿದವರಿಗೆ ಗೊತ್ತಾಗುತ್ತದೆ: ದಾರದ ಸುತ್ತ ತೆಳ್ಳನೆಯ ತಾಮ್ರದ ಪಟ್ಟಿ ಸುತ್ತಿರುತ್ತದೆ. ಎಷ್ಟು ಬಾಗಿದರೂ ಬೇಗ ಮುರಿಯದಿರಲಿ ಎಂದು ಹಾಗೆ ಮಾಡಿರುತ್ತಾರೆ. ಬೋರ್ಡಿನ ಕಾರ್ಡಿಗೂ ಹೆಡ್‌ಫೋನಿನ ಕಾರ್ಡಿಗೂ ಅದೇ ಎಳೆ. ಅದನ್ನು ನೇರವಾಗಿ ಬೆಸುಗೆ ಹಾಕಲು ಹೋದರೆ ಒಳಗಿನ ದಾರ ಸುಟ್ಟು ಎಳೆ ಉದುರಿಹೋಗುತ್ತದೆ. ಮೊದಲು ಬರಿಯ ಸಣ್ಣ ತಾಮ್ರದ ತಂತಿಯನ್ನು ಅದರ ಮೇಲೆ ಒತ್ತಾಗಿ ಸುತ್ತಬೇಕು, ಚೂರು ರಾಳ ಮುಟ್ಟಿಸಬೇಕು, ಕಾದ ಬೆಸುಗೆ ಐರನ್ನನ್ನು ಹೀಗೆ ಇಟ್ಟು ಹಾಗೆ ತೆಗೆಯಬೇಕು.

ಕಾರ್ಡು ಮುರಿಯುವುದು ಹೆಚ್ಚಾಗಿ ಪ್ಲಗ್ಗಿನ ಕುತ್ತಿಗೆಯಲ್ಲಿ. ಮುರಿದಷ್ಟು ತುದಿಯನ್ನು ಕತ್ತರಿಸಿ ಎಸೆದು, ಉಳಿದದ್ದಕ್ಕೆ ಹೊಸದಾಗಿ ಪ್ಲಗ್ ಕಟ್ಟುತ್ತಾರೆ. ಆದ್ದರಿಂದ ಪ್ರತಿ ರಿಪೇರಿಗೂ ಕಾರ್ಡು ಒಂದಿಷ್ಟು ಗಿಡ್ಡವಾಗುತ್ತದೆ. ನಡುವೆ ಬೇರೆ ತುಂಡು ಸೇರಿಸಿ ಉದ್ದ ಮಾಡಬಹುದಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ಅವರು ಕೆಟ್ಟ ಮಾತು ಕೇಳಿದವರಂತೆ ಮುಖ ಮಾಡಿದರು. ಕಾರ್ಡಿನ ನಡುವೆ ಗಂಟು ಇರಬಾರದು, ಗಂಟು ಇದ್ದ ಕಡೆ ಎಂದಾದರೂ ಮಾತು ನಿಲ್ಲುತ್ತದೆ ಎಂದರು. ಅದು ಅವರ ಒಂದು ನಿಯಮ. ಇನ್ನೊಂದು ನಿಯಮವನ್ನು ಅವರು ಎಲ್ಲ ಆಪರೇಟರುಗಳಿಗೂ ಹೇಳುತ್ತಿದ್ದರು. ಕೇಳುತ್ತಿಲ್ಲ ಎಂದು ಯಾರಾದರೂ ದೂರು ಕೊಟ್ಟರೆ ನಾವು ತಟ್ಟನೆ ಸಿಡುಕುತ್ತಿದ್ದೆವು. ಅವರ ಕಿವಿಗೇನಾಗಿದೆ ಎನ್ನುತ್ತಿದ್ದೆವು. ಆಗ ಮೆಕ್ಯಾನಿಕ್ ಹೇಳುತ್ತಿದ್ದರು: “ಮೊದ್ಲು ಕಾರ್ಡು ನೋಡ್ರಿ. ಆಮ್ಯಾಲೆ ಮನುಷ್ಯರನ್ನ ಬೈರಿ.”

ಅವರು ಲೈನಿನ ಮೇಲೆ ಹೋದ ದಿನ ನಮ್ಮ ಮಾತು ತಂತಿಯಲ್ಲಿ. ಸಂತೇಬೆನ್ನೂರು ದಾರಿಯ ಕಂಬವೊಂದನ್ನು ಹತ್ತಿ, ಹೆಗಲ ಮೇಲಿನ ಟೆಸ್ಟ್ ಫೋನನ್ನು ತಂತಿಗೆ ಸಿಕ್ಕಿಸಿ ನನ್ನನ್ನು ಕರೆಯುತ್ತಿದ್ದರು. ಇಲಾಖೆಯ ಲೈನಿನಲ್ಲಿ ಹೆಚ್ಚು ಮಾತಾಡುವ ಹಾಗಿಲ್ಲ, ನಾನೂ ಆಡುವವಳಲ್ಲ. ಕೇಳ್ತೈತಾ ಎನ್ನುವರು. ಕೇಳ್ತೈತೆ ಎನ್ನುವೆ. ಚೆನ್ನಾಗಿ ಕೇಳ್ತೈತಾ ಎನ್ನುವರು. ಚೆನ್ನಾಗೇ ಕೇಳ್ತೈತೆ ಎನ್ನುವೆ. ಗಾಳಿಯ ಸದ್ದು, ಯಾರದೋ ಗಾಡಿಯ ಸದ್ದು, ಅವರ ಉಸಿರು. ಹಿರಿಯ ಆಪರೇಟರಮ್ಮನಿಗೆ ಎಲ್ಲ ಅರ್ಥವಾಗಿತ್ತು. ಆ ಕಂಬಕ್ಕೆ ದಿನಾ ಏನು ರೋಗ ಬರುತ್ತದೆ ಎಂದು ನನ್ನನ್ನು ಕೆಣಕುತ್ತಿದ್ದರು. ಕೊನೆಗೆ ಅವರೇ ಎರಡೂ ಮನೆಯ ಹಿರಿಯರ ಹತ್ತಿರ ಮಾತಾಡಿದರು. ಮದುವೆಯಾಯಿತು. ನಮ್ಮಿಬ್ಬರನ್ನೂ ಹೊನ್ನಾಳಿಗೆ ಹಾಕಿದರು.

ಹೊನ್ನಾಳಿಯಲ್ಲಿ ಅವರಿಗೆ ಕೆಮ್ಮು ಹಿಡಿಯಿತು. ಹೊಳೆಯ ಗಾಳಿಗೆ ಎಂದುಕೊಂಡೆವು. ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡಮೇಲೆ ಆಸ್ಪತ್ರೆಗೆ ಹೋದೆವು. ಟಿ.ಬಿ. ಎಂದರು. ಆಗೆಲ್ಲ ಆ ಹೆಸರು ಕೇಳಿದರೆ ಜನ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡರು. ನಾನು ಅವರ ತಟ್ಟೆ, ಲೋಟ ಕುದಿಸಿ ಬೇರೆ ಇಡುತ್ತಿದ್ದೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಹೊತ್ತಿಗೆ ಸರಿಯಾಗಿ ಹಾಲು. ಆ ಸೂಜಿ ಅವರ ಜೀವ ಉಳಿಸಿತು. ಮೈ ತುಂಬಿಕೊಂಡಿತು. ಮತ್ತೆ ಡಬ್ಬ ಹಿಡಿದು ಕೆಲಸಕ್ಕೆ ಹೊರಟ ದಿನ ನಾನು ಬಾಗಿಲಲ್ಲೇ ನಿಂತು, ಅವರು ರಸ್ತೆಯ ತಿರುವು ದಾಟುವವರೆಗೂ ನೋಡಿದೆ. ಕಷ್ಟ ಮುಗಿಯಿತು ಎಂದುಕೊಂಡೆ.

ಆಮೇಲೆ ಶುರುವಾದದ್ದು ಗುಂಯ್.

ಕರೆಂಟಿನ ಲೈನೂ ಫೋನಿನ ಲೈನೂ ಅಕ್ಕಪಕ್ಕ ಹೋಗುವ ಕಡೆ ಫೋನಿನಲ್ಲಿ ಒಂದೇ ಸಮ ಗುಂಯ್‌ಗುಡುವುದುಂಟು. ಅದು ಎಲ್ಲರಿಗೂ ಗೊತ್ತಿದ್ದ ತೊಂದರೆ. ಲೈನಿನಲ್ಲಿ ಗುಂಯ್ ಜಾಸ್ತಿಯಾಗಿದೆ ಎಂದು ಅವರು ಹೇಳಿದಾಗ ನಾನು ನಂಬಿದೆ. ಅವರು ಕಂಬ ಕಂಬ ಹುಡುಕಿಕೊಂಡು ನಡೆದರು, ತಂತಿಗಳನ್ನು ದೂರ ಸರಿಸಿದರು. ಆದರೂ ಹೋಗಲಿಲ್ಲ. ಕಾರ್ಡಿನದೇ ದೋಷವಿರಬೇಕು ಎಂದುಕೊಂಡು ತಮ್ಮ ಹೆಡ್‌ಫೋನಿನ ಕಾರ್ಡನ್ನು ಬಿಚ್ಚಿದರು. ಎರಡು ಎಳೆಗಳನ್ನು ಜಡೆ ಹೆಣೆದ ಹಾಗೆ ಒಂದರ ಮೇಲೊಂದು ಒತ್ತಾಗಿ ಹೊಸೆದರು. ಅಷ್ಟಕ್ಕೂ ತೃಪ್ತಿಯಾಗದೆ, ಆಗ ಜನ ರೇಡಿಯೋಗೆ ಏರಿಯಲ್ ಎಂದು ಗೋಡೆಯಿಂದ ಗೋಡೆಗೆ ಕಟ್ಟುತ್ತಿದ್ದ ತಾಮ್ರದ ಜಾಲರಿಯನ್ನು ತಂದು, ಕಾರ್ಡಿನ ಮೇಲೆ ತೋಳಿನಂತೆ ಹೊಲಿದು, ಅದರ ತುದಿಯನ್ನು ಭೂಮಿಗೆ ಸೇರಿಸಿದರು. ಜಾಲರಿ ಹೊರಗಿನ ಗದ್ದಲವನ್ನೆಲ್ಲ ನುಂಗಿ ಮಣ್ಣಿಗೆ ಇಳಿಸುತ್ತದೆ ಎಂದರು. ಬಹಳ ಚೆಂದದ ಕೆಲಸ. ನನ್ನ ಹೆಡ್‌ಫೋನಿಗೂ ಅಂಥದ್ದೇ ಮಾಡಿಕೊಟ್ಟರು. ಹಾಕಿಕೊಂಡರೆ ದಾವಣಗೆರೆಯ ಆಪರೇಟರು ಪಕ್ಕದಲ್ಲೇ ಕೂತಂತೆ ಕೇಳುತ್ತಿತ್ತು.

ನನಗೆ ಗುಂಯ್ ಏನೂ ಇಲ್ಲ ಎಂದು ಹೇಳಿದೆ.

“ನಿಂಗೆ ದಿನಾ ಕೇಳಿ ಕೇಳಿ ರೂಢಿ ಆಗೈತೆ” ಎಂದರು. “ಅದಕ್ಕೇ ಗೊತ್ತಾಗಂಗಿಲ್ಲ.”

ಅಲ್ಲಿಂದ ನಮ್ಮನ್ನು ನ್ಯಾಮತಿಗೆ ಹಾಕಿದರು. ಸಣ್ಣ ಎಕ್ಸ್‌ಚೇಂಜು, ಹೆಂಚಿನ ಮನೆಯ ಒಂದು ಕೋಣೆಯಲ್ಲಿ ಬೋರ್ಡು. ಹಗಲು ಪಾಳಿಯಲ್ಲಿ ಬೋರ್ಡಿಗೆ ನಾನೊಬ್ಬಳೇ, ಲೈನಿಗೆ ಅವರೊಬ್ಬರೇ. ಕಂಬದ ಮೇಲಿಂದ ಅವರು ಕರೆದಾಗ ಕೇಳ್ತೈತಾ ಎಂಬ ಹಳೆಯ ಪ್ರಶ್ನೆಗೆ ನಾನು ಒಂದಕ್ಕೆ ಎರಡು ಸಲ, ಎರಡಕ್ಕೆ ನಾಲ್ಕು ಸಲ ಉತ್ತರ ಕೊಡಬೇಕಾಯಿತು. ದನಿ ಎತ್ತರಿಸುವುದು ಬೋರ್ಡಿನವರಿಗೆ ಸಲ್ಲದು, ಆದರೂ ಎತ್ತರಿಸಿದೆ. ಬೀದಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ ನೋಡುವಷ್ಟು. ಕಂಬದ ಮೇಲೆ ತಲೆ ತೇಲುತ್ತದೆ ಎಂದೂ ಒಂದೆರಡು ಸಲ ಹೇಳಿದರು. ರಕ್ತ ಕಡಿಮೆಯಿರಬೇಕೆಂದು ನಾನು ಊಟದಲ್ಲಿ ಸೊಪ್ಪು ಹೆಚ್ಚು ಮಾಡಿದೆ.

ಒಂದು ಮಧ್ಯಾಹ್ನ ಊರಿಗೆ ಊರೇ ಕರೆಂಟು ಹೋಯಿತು. ಹಿಟ್ಟಿನ ಗಿರಣಿ ನಿಂತಿತು. ಎಕ್ಸ್‌ಚೇಂಜು ಬ್ಯಾಟರಿಯ ಮೇಲೆ ನಡೆಯುವುದರಿಂದ ನನಗೇನೂ ಅಡಚಣೆ ಇರಲಿಲ್ಲ. ಅವರು ಲಗುಬಗೆಯಿಂದ ಒಳಗೆ ಬಂದರು. ಇದೇ ಸಮಯ, ಕರೆಂಟ್ ಲೈನು ಸತ್ತಿದೆ, ಈಗ ಗುಂಯ್ ಇದೆಯೋ ಇಲ್ಲವೋ ನೋಡಿದರೆ ದೋಷ ಎಲ್ಲಿದೆ ಎಂದು ಪತ್ತೆಯಾಗುತ್ತದೆ ಎಂದರು. ದೋಷ ಹುಡುಕುವ ಕ್ರಮವೇ ಅದು: ಒಂದೊಂದನ್ನೇ ತೆಗೆದು ನೋಡುತ್ತ ಹೋಗುವುದು.

ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು. ಗುಂಯ್ ಇತ್ತು. ಹಾಗಾದರೆ ಕರೆಂಟಿನದಲ್ಲ. ಪ್ಲಗ್ಗನ್ನು ಲೈನಿನಿಂದ ಕಿತ್ತರು. ಇತ್ತು. ಹಾಗಾದರೆ ಲೈನಿನದೂ ಅಲ್ಲ. ತಾವೇ ಮಾಡಿದ ಜಾಲರಿ ಕಾರ್ಡನ್ನು ಹೆಡ್‌ಫೋನಿನಿಂದ ಬಿಚ್ಚಿ ಮೇಜಿನ ಮೇಲಿಟ್ಟರು. ಕಾರ್ಡೇ ಇಲ್ಲದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ಆಮೇಲೆ ಅದನ್ನೂ ತಲೆಯಿಂದ ತೆಗೆದರು. ತೆಗೆದು ಹಾಗೇ ನಿಂತರು.

ನಾನು ಅವರ ಮುಖ ನೋಡುತ್ತಿದ್ದೆ. ಬೋರ್ಡಿನಲ್ಲಿ ಒಂದು ಮುಚ್ಚಳ ಬಿತ್ತು. ಆ ಸದ್ದಿಗೆ ನಾನು ತಿರುಗಿದೆ, ಅವರು ತಿರುಗಲಿಲ್ಲ.

“ಇನ್ನೂ ಐತೆ” ಎಂದರು.

ಕರೆಗೆ ಉತ್ತರ ಕೊಟ್ಟೆ. ಕೊಡಲೇಬೇಕಿತ್ತು. ಯಾರೋ ಹೊನ್ನಾಳಿ ಕೇಳಿದರು, ಜೋಡಿಸಿದೆ. ತಿರುಗಿ ನೋಡುವಷ್ಟರಲ್ಲಿ ಅವರು ಬಿಚ್ಚಿದ್ದ ಕಾರ್ಡನ್ನು ಮತ್ತೆ ಹೆಡ್‌ಫೋನಿಗೆ ಸೇರಿಸಿ, ತಿರುಪು ಬಿಗಿದು, ಸುತ್ತಿ ಮೊಳೆಗೆ ತೂಗುಹಾಕುತ್ತಿದ್ದರು.

ದಾವಣಗೆರೆಯ ಕಿವಿ ಡಾಕ್ಟರು ಕವಲುಕಡ್ಡಿಯಂಥ ಉಕ್ಕಿನ ಸಾಧನವನ್ನು ಬಡಿದು ಕಿವಿಯ ಹತ್ತಿರ ಹಿಡಿದರು, ಕಿವಿಯ ಹಿಂದಿನ ಮೂಳೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿಸಿ ನಡೆಸಿದರು. ನಮ್ಮವರು ಗೋಡೆಯ ಕಡೆ ವಾಲಿದರು. ಜೀವ ಉಳಿಸಿದ ಸೂಜಿಯೇ ಕೆಲವರ ಕಿವಿಯ ನರವನ್ನು ತಿನ್ನುತ್ತದೆ, ಹೋದದ್ದು ಬರುವುದಿಲ್ಲ, ಇರುವುದೂ ಎಷ್ಟು ದಿನ ಉಳಿಯುತ್ತದೆಂದು ಹೇಳಲಾಗದು ಎಂದರು. ಆ ಮಾತನ್ನು ಡಾಕ್ಟರು ನನಗೆ ಹೇಳಿದರು. ನಾನು ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಅವರ ಕಿವಿಗೆ ಬಾಯಿಟ್ಟು ಹೇಳಿದೆ. ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು.

ಕಂಬ ಹತ್ತುವುದು ನಿಂತಿತು. ಇಲಾಖೆಯನ್ನು ಕೇಳಿಕೊಂಡಮೇಲೆ ಇಬ್ಬರನ್ನೂ ಜಗಳೂರಿಗೆ ಹಾಕಿ, ಅವರಿಗೆ ಒಳಗಿನ ಕೆಲಸ ಕೊಟ್ಟರು. ಸುತ್ತಮುತ್ತಲ ಎಕ್ಸ್‌ಚೇಂಜುಗಳ ಕೆಟ್ಟ ಕಾರ್ಡುಗಳು ಗೋಣಿಚೀಲದಲ್ಲಿ ಬಸ್ಸಿನ ಮೇಲೆ ಬರುತ್ತಿದ್ದವು. ಅವರು ಕೂತು ಕಟ್ಟುತ್ತಿದ್ದರು. ಕೈ ಮೊದಲಿನ ಹಾಗೇ ಇತ್ತು. ಮುರಿದ ಎಳೆಯನ್ನು ಟಾರ್ಚಿನ ಬಲ್ಬಿನಿಂದ ಪತ್ತೆ ಮಾಡಬಹುದು. ಬಲ್ಬು ಹತ್ತಿದರೆ ಎಳೆ ಇದೆ, ಹತ್ತದಿದ್ದರೆ ಇಲ್ಲ. ಆದರೆ ಅರೆ ಮುರಿದ ಎಳೆಯ ಕರಕರ ಸದ್ದನ್ನು ಹಿಡಿಯಲು ಕಿವಿಯೇ ಬೇಕು. ಆ ಕೆಲಸ ನನಗೆ ಬಂತು. ನನ್ನ ಪಾಳಿ ಮುಗಿದಮೇಲೆ ಅವರ ಎದುರು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಅವರು ಕಾರ್ಡನ್ನು ಇಂಚಿಂಚಾಗಿ ಬಗ್ಗಿಸುತ್ತ ಬರುತ್ತಿದ್ದರು. ಕರಕರ ಬಂದ ಕಡೆ ನಾನು ತೋರುಬೆರಳು ಎತ್ತುತ್ತಿದ್ದೆ. ಅವರು ಅಲ್ಲಿ ಉಗುರಿನಿಂದ ಗುರುತು ಮಾಡುತ್ತಿದ್ದರು. ಮಾತೇ ಬೇಕಿರಲಿಲ್ಲ.

ಮಾತು ಬೇಕಾದದ್ದು ಮನೆಯಲ್ಲಿ. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಇದ್ದದ್ದೇ ನಾವಿಬ್ಬರು. ಇಡೀ ದಿನ ಊರಿನವರ ಮಾತುಗಳನ್ನು ಜೋಡಿಸಿ ಬಂದು, ಮನೆಯಲ್ಲಿ ಸಾರಿಗೆ ಉಪ್ಪು ಸಾಕೇ ಎಂದು ಕೂಗಿ ಕೇಳಬೇಕು. ಕೂಗಿದರೆ ಅಕ್ಕಪಕ್ಕದ ಮೂರು ಮನೆಗೆ ಕೇಳುತ್ತದೆ, ಅವರಿಗೆ ಮಾತ್ರ ಕೇಳುವುದಿಲ್ಲ. ಹಾಗಾಗಿ ನಾನು ಮಾತು ಕಡಿಮೆ ಮಾಡಿದ್ದೆ. ಅದನ್ನು ಅವರು ಗಮನಿಸಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಒಂದು ರಜೆಯ ದಿನ ದಾವಣಗೆರೆಗೆ ಹೋಗಿ, ಹಳೇ ಸಾಮಾನಿನ ಅಂಗಡಿಯಿಂದ ಒಂದು ಜೊತೆ ಹೆಡ್‌ಫೋನು, ಫೋನಿನ ಮಾತಾಡುವ ಕಡೆ ಇರುವ ಕರಿ ಬಿಲ್ಲೆಯಂಥ ಮೈಕು, ಬಳಸದೆ ಉಳಿದಿದ್ದ ಒಂದು ಉದ್ದನೆಯ ಕಾರ್ಡು ತಂದರು. ಎಕ್ಸ್‌ಚೇಂಜಿನ ಗೋಣಿಚೀಲದಿಂದ ಒಂದು ತುಂಡು ದಾರವನ್ನೂ ಅವರು ಮನೆಗೆ ತಂದವರಲ್ಲ. ಆ ಮೈಕಿನೊಳಗೆ ಇದ್ದಿಲಿನ ಸಣ್ಣ ಹರಳುಗಳಿರುತ್ತವೆ. ಎರಡು ಟಾರ್ಚ್ ಸೆಲ್ಲು ಸೇರಿಸಿದರೆ ಮೆಲ್ಲಗೆ ಆಡಿದ್ದನ್ನೂ ಅದು ಜೋರು ಮಾಡಿ ದಾಟಿಸುತ್ತದೆ. ಮಧ್ಯಾಹ್ನವೆಲ್ಲ ಕೂತು ಕಟ್ಟಿದರು. ಎಳೆಗಳನ್ನು ಹೊಸೆದರು, ಕುತ್ತಿಗೆಗಳಿಗೆ ಸೈಕಲ್ ಟ್ಯೂಬಿನ ತೋಳು ತೊಡಿಸಿದರು. ಮೈಕನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಕಳಿಸಿದರು. ತಾವು ಹೆಡ್‌ಫೋನ್ ಹಾಕಿಕೊಂಡು ಪಡಸಾಲೆಯ ಬಾಗಿಲ ಹತ್ತಿರ ಕೂತರು. ಕಾರ್ಡು ಅಷ್ಟುದ್ದ ಬಂತು.

ಏನು ಹೇಳುವುದೆಂದು ನನಗೆ ತೋಚಲಿಲ್ಲ. ಇಷ್ಟು ವರ್ಷ ಮೈಕಿನ ಮುಂದೆ ಕೂತವಳು ನಾನು.

“ಕೇಳ್ತೈತಾ?” ಎಂದೆ.

ಪಡಸಾಲೆಯಿಂದ ಉತ್ತರ ಬಂತು. “ಚೆನ್ನಾಗೇ ಕೇಳ್ತೈತೆ.”

ಅಂದಿನಿಂದ ನಮ್ಮ ಮನೆಗೆ ಒಂದು ದಿನಚರಿಯಾಯಿತು. ಸಂಜೆ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಒಲೆ ಹೊತ್ತಿಸಿ, ಮೈಕನ್ನು ಕೊರಳಿಗೆ ತೂಗುಹಾಕಿಕೊಳ್ಳುವುದು. ರೊಟ್ಟಿ ತಟ್ಟುತ್ತ ದಿನದ ಸುದ್ದಿ ಹೇಳುವುದು. ಬೋರ್ಡಿನಲ್ಲಿ ಕಿವಿಗೆ ಬಿದ್ದ ಪರರ ಮಾತನ್ನು ಮನೆಗೆ ತರುವ ಹಾಗಿಲ್ಲ, ತರಲೂ ಇಲ್ಲ. ಮಳೆ ಬಂತೇ, ಬಸ್ಸು ಹೊತ್ತಿಗೆ ಬಂತೇ, ಹೊಸ ಆಪರೇಟರು ಹುಡುಗಿ ಎಷ್ಟು ಸಲ ತಪ್ಪು ತೂತಿಗೆ ಚುಚ್ಚಿದಳು, ಇಂಥವೇ. ಅವರು ನಗುತ್ತಿದ್ದರು. ಅವರ ನಗು ಕಾರ್ಡಿಲ್ಲದೆ ನೇರವಾಗಿ ಬರುತ್ತಿತ್ತು.

ಪಕ್ಕದ ಮನೆಯಾಕೆ ಒಮ್ಮೆ ಮೊರ ಕೇಳಲು ಬಂದವಳು ಈ ವೈಭವವನ್ನು ನೋಡಿ ನಿಂತಳು. “ಏನ್ ಅಕ್ಕಾರೆ, ಗಂಡನ್ನ ಹಗ್ಗ ಹಾಕಿ ಕಟ್ಟಿಬಿಟ್ಟೀರಲ್ಲ” ಎಂದಳು. ಅವಳೇನಂದಳೆಂದು ಅವರು ನನ್ನನ್ನು ಕೇಳಿದರು. ಮೈಕಿನಲ್ಲಿ ಹೇಳಿದೆ. “ಬಿಚ್ಚಿದ್ರೆ ಮತ್ತೆ ಕಂಬ ಹತ್ತಿಬಿಡ್ತೀನಂತ ಭಯ ಐತೆ ನಮ್ಮಕಿಗೆ” ಎಂದರು. ಆಕೆ ಮೊರ ಮರೆತು ನಗುತ್ತ ಹೋದಳು.

ಒಂದು ವರ್ಷವೋ ಇನ್ನೂ ಸ್ವಲ್ಪ ಹೆಚ್ಚೋ ಹಾಗೆ ನಡೆಯಿತು. ಆಮೇಲೆ ಒಂದು ಸಂಜೆ ಸದ್ದು ಸಣ್ಣಗಾಗಿದೆ ಎಂದರು.

ಮೊದಲು ಕಾರ್ಡು. ಬಿಚ್ಚಿ, ಎರಡೂ ಕಡೆಯ ಕುತ್ತಿಗೆ ಕತ್ತರಿಸಿ, ಹೊಸದಾಗಿ ಕಟ್ಟಿದರು. ಸೆಲ್ಲು ಎರಡಿದ್ದದ್ದು ಮೂರಾಯಿತು. ಮೈಕನ್ನು ಮೇಜಿಗೆ ಮೆಲ್ಲಗೆ ತಟ್ಟಿ ಒಳಗಿನ ಹರಳುಗಳನ್ನು ಸಡಿಲ ಮಾಡಿದರು. ಈಗ ಸರಿಯಾಯಿತು ಎಂದರು. ನಾಲ್ಕಾರು ವಾರ ಬಿಟ್ಟು ಮತ್ತೆ ಸಣ್ಣಗಾಯಿತು. ಮತ್ತೆ ಕತ್ತರಿಸಿದರು. ಜಾಲರಿ ತೊಡಿಸಿದರು. ಹಿತ್ತಾಳೆ ಪ್ಲಗ್ಗು ಹಾಕಿದರು. ಒಂದೊಂದು ಸಲವೂ ಕಾರ್ಡು ಹಿಂದಿನದಕ್ಕಿಂತ ಉತ್ತಮವಾಗುತ್ತಿತ್ತು, ಹಿಂದಿನದಕ್ಕಿಂತ ಗಿಡ್ಡವಾಗುತ್ತಿತ್ತು. ಪಡಸಾಲೆಯ ಬಾಗಿಲಲ್ಲಿ ಕೂರುತ್ತಿದ್ದವರು ನಡುಮನೆಗೆ ಬಂದರು. ನಡುಮನೆಯಿಂದ ಅಡುಗೆಮನೆಯ ಹೊಸ್ತಿಲಿಗೆ ಬಂದರು. ಅಂಥ ಕಾರ್ಡು ಜಗಳೂರಿನಲ್ಲಿ ಸಿಗುತ್ತಿರಲಿಲ್ಲ, ದಾವಣಗೆರೆಯ ಆ ಅಂಗಡಿಯಲ್ಲೂ ಇನ್ನೊಂದು ಬಂದಿರಲಿಲ್ಲ. ಸಾಧಾರಣ ವೈರನ್ನೇ ನಡುವೆ ಸೇರಿಸಿ ಎಂದು ನಾನು ಹೇಳಲಿಲ್ಲ. ಅವರ ಉತ್ತರ ನನಗೆ ಗೊತ್ತಿತ್ತು.

ಕಟ್ಟಿ ಮುಗಿಸಿದಾಗಲೆಲ್ಲ ಪರೀಕ್ಷೆ ನನ್ನದೇ. ನಾನು ಹೆಡ್‌ಫೋನ್ ಹಾಕಿಕೊಂಡು ಕೂರುವುದು, ಅವರು ಬಗ್ಗಿಸುತ್ತ ಬರುವುದು. ಎಕ್ಸ್‌ಚೇಂಜಿನ ಕಾರ್ಡು ನೋಡುವಾಗ ಅವರ ಕಣ್ಣು ಕಾರ್ಡಿನ ಮೇಲಿರುತ್ತಿತ್ತು. ಮನೆಯ ಕಾರ್ಡು ನೋಡುವಾಗ ನನ್ನ ಬೆರಳಿನ ಮೇಲಿರುತ್ತಿತ್ತು. ಬೆರಳು ಏಳಲಿ ಎಂದು ಅವರು ಕಾಯುತ್ತಿದ್ದರು. ಎದ್ದರೆ ದೋಷ ಕಾರ್ಡಿನದು; ಕತ್ತರಿಸಿ ಕಟ್ಟಿದರೆ ಹೋಗುವಂಥದ್ದು. ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಒಂದು ಸಲವೂ ಕರಕರ ಬರಲಿಲ್ಲ. ನೀರಿನಷ್ಟು ಸ್ವಚ್ಛವಾಗಿತ್ತು ಅವರ ಕೆಲಸ. ಒಮ್ಮೆ ಬೆರಳೆತ್ತಲು ಮನಸ್ಸಾಯಿತು. ಎತ್ತಲಿಲ್ಲ. ಸರಿಯಿರುವ ಕಾರ್ಡನ್ನು ಕೆಟ್ಟಿದೆ ಎನ್ನುವುದು ನನ್ನ ಕೈಲಾಗದ ಮಾತು, ಹೇಳಿದ್ದರೆ ಅದು ಸುಳ್ಳೆಂದು ಅವರಿಗೂ ತಿಳಿಯುತ್ತಿತ್ತು.

ಕೊನೆಗೆ ಕಾರ್ಡು ಒಂದು ಮೊಳಕ್ಕೆ ಬಂತು. ಇಬ್ಬರೂ ಒಲೆಯ ಪಕ್ಕ ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಕುವ ಹಾಗೆ ಕೂರಬೇಕಿತ್ತು. ನಾಲ್ಕು ಸೆಲ್ಲು. ಮೈಕನ್ನು ತುಟಿಗೆ ತಾಗಿಸಿ, ದನಿಯೆತ್ತಿ ಮಾತಾಡುತ್ತಿದ್ದೆ. ಮೈಕು ದೊಡ್ಡದು, ಹಿಡಿದ ಕೈ ಬೇರೆ. ಮೂಗಿನ ಕೆಳಗಿನ ಮುಖವೆಲ್ಲ ಅದರ ಹಿಂದೆ ಮರೆಯಾಗುತ್ತಿತ್ತು.

ಆ ಸಂಜೆ ಜೋಳ ಮುಗಿದಿದೆ, ನಾಳೆ ಹೊಸ ಜೋಳ ತಂದು ಗಿರಣಿಗೆ ಕೊಡಬೇಕು ಎಂದು ಹೇಳುತ್ತಿದ್ದೆ. ಅವರು ಕೇಳುತ್ತಿದ್ದಂತೆ ಕಾಣಲಿಲ್ಲ. ಕಾರ್ಡನ್ನು ಎರಡು ಬೆರಳ ನಡುವೆ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇವರಿಸಿದರು. ಪ್ಲಗ್ಗಿನ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮತ್ತೆ ಬಿಚ್ಚುತ್ತಾರೆ ಎಂದುಕೊಂಡೆ. ಇನ್ನು ಬಿಚ್ಚಿದರೆ ಕಟ್ಟಲು ಕಾರ್ಡೇ ಉಳಿಯುವುದಿಲ್ಲ.

“ಕಾರ್ಡು ಸರಿಯಾಗೈತೆ” ಎಂದರು.

ಕೆಲಸದಲ್ಲಿ ಆ ಮಾತನ್ನು ಅವರ ಬಾಯಲ್ಲಿ ದಿನವೂ ಕೇಳಿದ್ದೆ. ಒಂದು ಚೀಲ ಕಾರ್ಡು ಮುಗಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು, ಸಂತೋಷದಿಂದ ಹೇಳುತ್ತಿದ್ದ ಮಾತು ಅದು. ನಾನು ಮೈಕನ್ನು ಬಾಯಿಂದ ಸರಿಸದೆ ಕೂತೇ ಇದ್ದೆ. ಒಲೆಯ ಮೇಲಿದ್ದ ರೊಟ್ಟಿ ಹೊತ್ತಿತು. ಅದರ ವಾಸನೆ ಇಬ್ಬರಿಗೂ ಬಂತು, ಇಬ್ಬರೂ ಏಳಲಿಲ್ಲ.

ಅವರು ಹೆಡ್‌ಫೋನನ್ನು ತಲೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಮೈಕ್ ಇಳಿಸು. ನಿನ್ನ ಬಾಯಿ ಕಾಣಂಗಿಲ್ಲ.”

ಇಳಿಸಿದೆ.

“ಈಗ ಹೇಳು. ನಾಳೆ ಏನು?”

ಜೋಳ ಮುಗಿದದ್ದನ್ನೂ ಗಿರಣಿಯನ್ನೂ ಮತ್ತೆ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು, ಹಿಂದೆ ಬೆರಳನ್ನು ನೋಡುತ್ತಿದ್ದ ಹಾಗೆ. ಬೆಳಿಗ್ಗೆ ತಾವೇ ಜೋಳ ತಂದು ಗಿರಣಿಗೆ ಕೊಡುವುದಾಗಿ ಹೇಳಿದರು. ಹೊರಗೆ ಬಿಸಿಲಾಗುವ ಮೊದಲೇ ಹೋಗಿ ಎಂದೆ. ಆಗಲಿ ಎಂದರು. ಎಷ್ಟು ದಿನಗಳಿಂದ ಹೀಗೆ ತುಟಿ ನೋಡಿಯೇ ನಡೆಯುತ್ತಿತ್ತೋ ಎಂದು ಆಗ ಯೋಚನೆ ಬಂತು. ನಾನು ರೊಟ್ಟಿ ತಿರುವಲು ಮೈಕು ಇಳಿಸಿದಾಗ ಆಡಿದ ಮಾತುಗಳಿಗೆ ಮಾತ್ರ ಅವರು ಸರಿಯಾಗಿ ಉತ್ತರ ಕೊಡುತ್ತಿದ್ದದ್ದು ನೆನಪಾಯಿತು. ನಾನು ಅದನ್ನು ಕಾರ್ಡಿನ ಲೆಕ್ಕಕ್ಕೆ ಹಾಕಿದ್ದೆ.

ಆಮೇಲೆ ನಾನು ಒಂದು ಪರೀಕ್ಷೆ ಮಾಡಿದೆ. ದೋಷ ಹುಡುಕುವ ಕ್ರಮ ನನಗೂ ಗೊತ್ತಿತ್ತಲ್ಲ. ಒಂದೊಂದನ್ನೇ ತೆಗೆದು ನೋಡುವುದು. ಈಗ ಕಾರ್ಡು ತೆಗೆದಾಗಿತ್ತು, ಮೈಕು ತೆಗೆದಾಗಿತ್ತು. ದನಿಯನ್ನೂ ತೆಗೆದೆ. ಉಸಿರನ್ನೂ ಹೊರಡಿಸದೆ, ಬರೀ ತುಟಿಯಿಂದ, ಕೇಳ್ತೈತಾ ಎಂದೆ.

“ಚೆನ್ನಾಗೇ ಕೇಳ್ತೈತೆ” ಎಂದರು ಅವರು. ನಗುತ್ತಲೇ ಹೇಳಿದರು. ನಾನು ದನಿಯನ್ನೇ ಹೊರಡಿಸಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ನಾನು ಎದ್ದು ಹೊತ್ತಿದ ರೊಟ್ಟಿಯನ್ನು ತೆಗೆದು ಹೊಸದನ್ನು ಹಾಕಿದೆ. ಬೆನ್ನು ಅವರ ಕಡೆಗಿತ್ತು, ಮುಖ ಒಲೆಯ ಕಡೆಗೆ. ಹಿಂದೆ ಅವರು ಸೆಲ್ಲುಗಳನ್ನು ಒಂದೊಂದಾಗಿ ಬಿಚ್ಚುವುದು, ಕಾರ್ಡನ್ನು ಸುತ್ತಿ ನೂಲು ಕಟ್ಟುವುದು ಕೇಳಿಸುತ್ತಿತ್ತು. ಅವರಿಗೆ ಕೆಲಸ ಮುಗಿಸಿದಮೇಲೆ ಸಾಮಾನು ಎತ್ತಿಡದೆ ಸಮಾಧಾನವಿರುತ್ತಿರಲಿಲ್ಲ.

ಆಮೇಲೆ ನಾವು ಬಹಳ ವರ್ಷ ಒಟ್ಟಿಗೆ ಬಾಳಿದೆವು. ಎಂಬತ್ತರ ದಶಕ ಮುಗಿಯುವ ಮೊದಲೇ ಒಂದೊಂದೂರಿನ ಬೋರ್ಡೂ ಹೋಗಿ, ತಾನಾಗಿ ಜೋಡಿಸುವ ಯಂತ್ರಗಳು ಬಂದವು. ಕಾರ್ಡು ಕಟ್ಟುವ ಕೆಲಸ ಇಲ್ಲವಾಯಿತು. ಅವರ ಎದುರು ಕೂತು, ಮುಖ ಬೆಳಕಿನ ಕಡೆ ಮಾಡಿ, ನಿಧಾನವಾಗಿ ಮಾತಾಡುವುದು ನನಗೆ ರೂಢಿಯಾಯಿತು. ದನಿ ಬೇಕಿರಲಿಲ್ಲ. ಆದರೂ ಅವರ ಜೊತೆ ಆಡಿದ ಪ್ರತಿ ಮಾತನ್ನೂ ನಾನು ದನಿ ಹೊರಡಿಸಿಯೇ ಆಡಿದೆ. ಆ ಕಡೆಯಿಂದ ಏನೂ ಕೇಳದಿದ್ದರೂ ಲೈನು ಬಿಡುವ ಮೊದಲು ಇನ್ನೊಮ್ಮೆ ಹಲೋ ಎನ್ನಬೇಕು ಎಂದು ಬೋರ್ಡಿನಲ್ಲಿ ನಮಗೆ ಕಲಿಸಿದ್ದರು.